ಅರಸನ ಹೆಸರು ಬರುವಲ್ಲಿ

ಇಕ್ಕೇರಿಯ ಅರಸರನ್ನು ನಾನು ನೋಡಿದವಳಲ್ಲ, ಹಾಲೇರಿಯವರನ್ನೂ ನೋಡಿಲ್ಲ. ಎರಡೂ ಕಡೆಯವರು ಸತ್ತು ಮಣ್ಣಾಗಿ ಎಷ್ಟೋ ಕಾಲವಾಯಿತು. ಆದರೆ ಐವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಅವರ ಗಡಿಜಗಳ ಬಿಡಿಸಲಿಕ್ಕೆಂದು ಕುಮಾರಧಾರೆ ಹೊಳೆಯನ್ನು ಆಚೆಗೂ ಈಚೆಗೂ ದಾಟಿ ಕಾಲು ಸವೆಸಿಕೊಂಡವಳು ನಾನು, ಕೋಡಿಂಬಾಳದ ಲೋಲಾಕ್ಷಿ. ಅರಸರ ಮಂತ್ರಿಗಳಿಗಾದರೆ ಕುದುರೆ ಇತ್ತು, ಪಲ್ಲಕ್ಕಿ ಇತ್ತು. ನನಗೆ ಇದ್ದದ್ದು ಬಾರು ಕಿತ್ತುಹೋದ ಚಪ್ಪಲಿ ಮತ್ತು ದೇವರು ಕೊಟ್ಟ ನಾಲಗೆ.

ನನ್ನ ತವರು ಹೊಳೆಯಿಂದ ತೆಂಕಕ್ಕೆ, ಸುಳ್ಯದ ಕಡೆ. ಗಂಡನ ಮನೆ ಹೊಳೆಯಿಂದ ಬಡಗಕ್ಕೆ, ಕಡಬದ ಹತ್ತಿರದ ಕೋಡಿಂಬಾಳದಲ್ಲಿ. ತವರಿನಲ್ಲಿ ಈಗ ಯಜಮಾನ ನನ್ನ ಅಣ್ಣ ಮೇದಪ್ಪ. ಅವನ ಮಗಳು ಕಮಲಾವತಿಯನ್ನು ನನ್ನ ಭಾವ, ಅಂದರೆ ಗಂಡನ ಅಣ್ಣ ದೇರಣ್ಣನವರ ಮಗ ಉದಯಶಂಕರನಿಗೆ ತರಬಹುದೆಂದು ಮೊದಲು ಬಾಯಿಬಿಟ್ಟವಳು ನಾನೇ. ಹುಡುಗ ಕಡಬದ ಶಾಲೆಯಲ್ಲಿ ಮಾಸ್ತರ, ಸಾಧು ಸ್ವಭಾವದವ. ಹುಡುಗಿಗೂ ಮನಸ್ಸಿತ್ತು. ನನಗೂ ಸ್ವಾರ್ಥ ಇರಲಿಲ್ಲವೆಂದಲ್ಲ. ತವರಿನ ಒಂದು ಜೀವ ನಮ್ಮ ಅಂಗಳದಲ್ಲಿ ಓಡಾಡಿಕೊಂಡಿದ್ದರೆ ನನ್ನ ಮಾತಿಗೆ ಒಂದು ಜನ ಆಗುತ್ತದಲ್ಲ ಎಂದುಕೊಂಡಿದ್ದೆ.

ನಾವು ಮನೆಯಲ್ಲಿ ಆಡುವುದು ಅರೆಭಾಷೆ. ಅದನ್ನು ಹಾಗೆಯೇ ಬರೆದರೆ ಪುತ್ತೂರಿನಿಂದ ಆಚೆಯವರಿಗೆ ತಲೆಬುಡ ತಿಳಿಯಲಿಕ್ಕಿಲ್ಲ. ಹಾಗಾಗಿ ಸ್ವಲ್ಪ ತಿದ್ದಿ ಬರೆದಿದ್ದೇನೆ. ಜಗಳದ ಖಾರ ಮಾತ್ರ ಇದ್ದಷ್ಟೇ ಇದೆ.

ನಮ್ಮ ಎರಡು ಮನೆಗಳಲ್ಲಿ ಮದುವೆ ನಿಶ್ಚಯವಾಗುವಾಗ ಯಜಮಾನರು ಎದುರುಬದುರು ನಿಂತು ಒಕ್ಕಣೆ ಹೇಳಿ ವೀಳ್ಯದ ಹರಿವಾಣ ಬದಲಾಯಿಸಿಕೊಳ್ಳಬೇಕು. ನಮ್ಮ ಊರು ಇದು, ದೇವರು ಇವರು, ಗುರು ಇವರು, ಅರಸು ಇವರು, ಇಂಥ ನಾವು ಇಂಥ ನಿಮಗೆ ಹೆಣ್ಣು ಕೊಡುತ್ತೇವೆ ಎಂದು ಸಭೆಯಲ್ಲಿ ಹೇಳುವ ಮಾತಿಗೆ ಒಕ್ಕಣೆ ಎನ್ನುತ್ತಾರೆ. ದೇವರ ವಿಷಯದಲ್ಲಿ, ಗುರುವಿನ ವಿಷಯದಲ್ಲಿ ತಕರಾರು ಇಲ್ಲ. ತಕರಾರು ಇದ್ದದ್ದು ಅರಸನಲ್ಲಿ.

ಹಿರಿಯರು ಹೇಳುವ ಪ್ರಕಾರ ಒಂದು ಕಾಲದಲ್ಲಿ ಈ ಸೀಮೆ ಪೂರ್ತಿ ಇಕ್ಕೇರಿಯವರದ್ದು. ಘಟ್ಟದ ಮೇಲೆ ಕೊಡಗನ್ನು ಆಳುತ್ತಿದ್ದವರು ಹಾಲೇರಿಯವರು. ಇವರಿಗೆ ಮೆಣಸಿನ ದಾರಿ ಬೇಕು, ಅವರಿಗೆ ಘಟ್ಟದ ಬಾಗಿಲು ಬೇಕು. ನಮ್ಮ ಕಾಡುಗಳಲ್ಲಿ ಎಷ್ಟು ಸಲ ಬಡಿದಾಡಿಕೊಂಡರೋ ಏನೋ, ಕೊನೆಗೆ ಒಪ್ಪಂದವಾಗಿ ಸುಳ್ಯದ ಕಡೆ ಹಾಲೇರಿಗೆ ಹೋಯಿತು, ಕಡಬದ ಕಡೆ ಇಕ್ಕೇರಿಗೆ ಉಳಿಯಿತು. ಆಮೇಲೆ ಮೈಸೂರಿನವರು ಬಂದರು, ಕಂಪೆನಿಯವರು ಬಂದರು, ಎಲ್ಲರೂ ಹೋದರು. ಹಿಂದಿನ ನವೆಂಬರಿನಲ್ಲಿ, ಮದ್ರಾಸಿನವರಾಗಿ ಮಲಗಿದ ನಾವು ಮೈಸೂರಿನವರಾಗಿ ಎದ್ದೆವು, ಕೊಡಗೂ ನಮ್ಮ ಜೊತೆಗೇ ಬಂತು. ಇಷ್ಟಾದರೂ ಒಕ್ಕಣೆಯಲ್ಲಿ ಮಾತ್ರ ಆ ಇಬ್ಬರು ಅರಸರು ಅಲ್ಲಲ್ಲೇ ಕೂತಿದ್ದರು.

ಮೇದಪ್ಪಣ್ಣ ತಾಳಮದ್ದಳೆಯಲ್ಲಿ ಅರ್ಥ ಹೇಳುವವ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲಿಂದಲೇ ಬರೀ ಮಾತಿನಲ್ಲಿ ಸಭೆಯನ್ನು ಗೆಲ್ಲುವ ಕೆಲಸ ಅದು. ಅವನ ಬಾಯಿಂದ ಒಂದು ಅಕ್ಷರವೂ ಜಾರುವುದಿಲ್ಲ. ಉಚ್ಚಾರ ಕೆಡುತ್ತದೆಂದು ಎಲೆ ಅಡಿಕೆಯನ್ನೂ ಮುಟ್ಟುವವನಲ್ಲ. ಅಂಥವನು ನಿಶ್ಚಯದ ದಿನ ಚಾವಡಿಯಲ್ಲಿ ನಿಂತು, “ಅರಸು ಹಾಲೇರಿ” ಎಂದು ಹಟ್ಟಿಯ ಕರುವಿಗೂ ಕೇಳುವ ಹಾಗೆ ಹೇಳಿದ.

ದೇರಣ್ಣ ಭಾವನ ಕಿವಿ ಚುರುಕು, ಸಿಟ್ಟು ಇನ್ನೂ ಚುರುಕು. “ಎಂತ ಹೇಳಿದ್ದು ನೀವು?” ಎಂದರು.

“ಕೇಳಲಿಲ್ವಾ? ಇನ್ನೊಮ್ಮೆ ಹೇಳ್ತೇನೆ. ಅರಸು ಹಾಲೇರಿ.”

“ನಮ್ಮದು ಇಕ್ಕೇರಿ. ಇಬ್ಬರು ಅರಸರ ಹೆಸರಲ್ಲಿ ಒಂದು ವೀಳ್ಯ ಬದಲಾಯಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಹೆಣ್ಣು ಬರುದು ನಮ್ಮ ಸೀಮೆಗೆ. ನೀವೂ ಇಕ್ಕೇರಿ ಹೇಳಬೇಕು.”

“ಇಕ್ಕೇರಿಯವರೇ ಒಪ್ಪಿ ಈ ಸೀಮೆಯನ್ನು ಹಾಲೇರಿಗೆ ಕೊಟ್ಟಾಗಿದೆ. ಕೊಟ್ಟದ್ದನ್ನು ವಾಪಸು ಕೇಳ್ಲಿಕ್ಕೆ ನೀವು ಯಾರು?”

“ಕೊಟ್ಟದ್ದು ಯಾರು? ನಮ್ಮವರು! ಕೊಟ್ಟವರು ದೊಡ್ಡವರಾ, ಕೈಯೊಡ್ಡಿ ತೆಕ್ಕೊಂಡವರು ದೊಡ್ಡವರಾ?”

ಅಣ್ಣನ ಮುಖ ಅರಳಿತು. ಇಂಥ ಮಾತಿಗೇ ಕಾದು ಕೂರುವ ಜನ ಇವರು. “ಕೊಟ್ಟವರೇ ದೊಡ್ಡವರು, ಒಪ್ಪಿದೆ. ಹಾಗಾದರೆ ಇವತ್ತು ಇಲ್ಲಿ ದೊಡ್ಡವ ನಾನು. ಮಗಳನ್ನು ಕೊಡುವವ ನಾನಲ್ವಾ? ಕೈಯೊಡ್ಡಿ ಬಂದವರು ನೀವು.”

ತಾಳಮದ್ದಳೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಬಿದ್ದದ್ದು ದೇರಣ್ಣ ಭಾವನ ಶಾಲು, ಹೆಗಲಿನ ಮೇಲೆ. ಪಾಯಸದ ಬೆಲ್ಲ ಇನ್ನೂ ಕರಗಿರಲಿಲ್ಲ, ನಮ್ಮವರೆಲ್ಲ ಅಂಗಳಕ್ಕೆ ಇಳಿದಾಗಿತ್ತು. ಮೆಟ್ಟಿಲಿನಲ್ಲಿ ನಿಂತು ಭಾವ ಹೇಳಿದರು, “ಇನ್ನು ಈ ಮನೆಯ ಮೆಟ್ಟಿಲು ನಮ್ಮವರು ಯಾರೂ ಹತ್ತುದು ಬೇಡ. ಯಾರೂ ಅಂದರೆ ಯಾರೂ.” ಹೇಳಿದ್ದು ಎಲ್ಲರಿಗೆ, ನೋಡಿದ್ದು ನನ್ನನ್ನು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹುಟ್ಟಿದ ಮನೆಯ ದಾರಿಯನ್ನು ನನಗೆ ಮುಚ್ಚಲು ಇಬ್ಬರು ಸತ್ತ ಅರಸರು ಬೇಕಾಯಿತೇ ಎನಿಸಿತು. ಅಂಗಳದ ಬೇಲಿಯ ದಣಪೆಯವರೆಗೆ ಹಿಂದೆಯೇ ಬಂದ ಕಮಲಾವತಿ ನನ್ನ ಸೆರಗು ಹಿಡಿದಳು.

“ಅತ್ತೆ, ಆ ಅರಸರು ಈಗ ಇದ್ದಾರಾ?”

“ಇಲ್ಲ ಮಗಳೇ. ಅವರ ಮೊಮ್ಮಕ್ಕಳ ಮೊಮ್ಮಕ್ಕಳೂ ಇಲ್ಲ.”

“ಮತ್ತೆ ಅಪ್ಪನಿಗೆ ಎಂತ ಹೆದರಿಕೆ?” ಎಂದಳು. ಆಮೇಲೆ ಮೆಲ್ಲಗೆ, “ನಾನು ಬೇರೆಯವರನ್ನು ಒಪ್ಪುದಿಲ್ಲ” ಎಂದಳು.

ಮನೆ ಮುಟ್ಟಿದ ಮೇಲೆ ನಾನು ಭಾವನ ಎದುರು ನಿಂತೆ. “ಸಂಧಾನಕ್ಕೆ ಹೋಗುವವರನ್ನು ಯಾವ ಅರಸೂ ತಡೆಯುದಿಲ್ಲ ಭಾವ. ನಾನು ಹೋಗಿ ಬರ್ತೇನೆ” ಎಂದೆ. ಅವರಿಗೆ ಆ ಮಾತು ಹಿಡಿಸಿತು. ತಾವು ಇಕ್ಕೇರಿಯ ಸಿಂಹಾಸನದಲ್ಲಿ ಕೂತ ಹಾಗೆ ಅನಿಸಿರಬೇಕು. “ಮೊದಲೇ ಇಟ್ಟ ಮುಹೂರ್ತದ ದಿನದವರೆಗೆ ಬಿಟ್ಟಿದ್ದೇನೆ. ಅಷ್ಟರಲ್ಲಿ ಸರಿಯಾಗದಿದ್ದರೆ ಹೊಳೆಯ ಆಚೆ ನಮಗೆ ಯಾರೂ ಇಲ್ಲ” ಎಂದರು.

ನಾನು ಓಡಾಡಿದೆ. ಮೊದಲು, ಎರಡೂ ಕಡೆಯವರು ಈಗಿನ ಸರಕಾರದ ಹೆಸರು ಹಿಡಿದು “ಅರಸು ಮೈಸೂರು” ಎಂದು ಹೇಳಿಬಿಡಿ ಎಂದೆ. ಅಣ್ಣ ಎದ್ದು ನಿಂತ, “ಮೈಸೂರಿನವರು ನಮ್ಮ ಹಿರಿಯರ ಭತ್ತದ ಕಣಜ ಸೂರೆ ಮಾಡಿದವರು” ಎಂದ. ಹೊಳೆ ದಾಟಿ ಬಂದು ಭಾವನಿಗೆ ಹೇಳಿದರೆ ಅವರೂ ಎದ್ದು ನಿಂತು ಅದನ್ನೇ ಹೇಳಿದರು. ಇಬ್ಬರೂ ಒಪ್ಪಿದ ಮಾತು ಅದೊಂದೇ. ಸ್ವಾತಂತ್ರ್ಯ ಬಂದಾಯಿತಲ್ಲ, ಅರಸು ಇಲ್ಲ ಎಂದು ಹೇಳಿ ಎಂದೆ. “ಅರಸು ಇಲ್ಲ ಅಂತ ಹೇಳ್ಲಿಕ್ಕೆ ನಾವು ಎಂತ ಕಾಡಲ್ಲಿ ಹುಟ್ಟಿದವರಾ?” ಎಂದು ಭಾವ ಕೇಳಿದರು. ನನ್ನ ಗಂಡ ಧರ್ಮಪಾಲ ಜಗಲಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಾ, “ನೀನು ಸುಮ್ಮನಿರು, ತನ್ನಿಂದ ತಾನೇ ಸರಿಯಾಗ್ತದೆ” ಎಂದರು. ಇವರು ಹುಟ್ಟಿದಂದಿನಿಂದ ಹೇಳುತ್ತಿರುವುದು ಈ ಒಂದೇ ಮಾತು.

ಒಂದು ದಿನ ತವರಿಂದ ಬರಿಗೈಯಲ್ಲಿ ಮರಳುವಾಗ ದೋಣಿಯ ಅಲಿ ಕುಂಞಿ ಕೇಳಿದ, “ಎಂತ ಅಕ್ಕ, ಇನ್ನೂ ಆಗಲಿಲ್ವಾ?”

“ಎಲ್ಲಿಂದ ಆಗುದು ಮಾರಾಯ? ಅವರದ್ದು ಒಂದು ಅರಸು, ಇವರದ್ದು ಒಂದು ಅರಸು.”

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. “ನಿಮ್ಮ ಮದುವೆಯ ದಿಬ್ಬಣವನ್ನು ನನ್ನ ಬಾಪ ಇದೇ ಕಡವಲ್ಲಿ ದಾಟಿಸಿದ್ದು. ಆಗ ಜಗಳ ಆಗ್ಲಿಲ್ವಾ?”

ಹೌದಲ್ಲ! ಆಗಲೂ ಇವೇ ಎರಡು ಮನೆ, ಇದೇ ಹೊಳೆ, ಇದೇ ಒಕ್ಕಣೆ. ನನ್ನ ಮದುವೆಯಲ್ಲಿ ಯಾವ ಅರಸನ ಹೆಸರು ಹೇಳಿದ್ದರು?

ಅಲ್ಲಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ, ತಾನು ಯಾವ ಅರಸನ ಹೆಸರಲ್ಲಿ ಬಂದವಳೆಂದು ಗೊತ್ತಿಲ್ಲ! ಆಗ ನಮ್ಮಲ್ಲಿ ವೀಳ್ಯ ಬದಲಾಯಿಸುತ್ತಿದ್ದದ್ದು ದಿಬ್ಬಣ ಬಂದ ದಿನವೇ, ತಾಳಿಗೆ ಮೊದಲು. ಆ ಹೊತ್ತಿಗೆ ಹೆಣ್ಣು ಒಳಕೋಣೆಯಲ್ಲಿ ಕೂತಿರಬೇಕು, ನಾನು ಕೇಳಿಸಿಕೊಂಡಿರಲಿಲ್ಲ. ಗಂಡನನ್ನು ಕೇಳಿದೆ. “ಅರಸು ಗೊತ್ತಿಲ್ಲ, ಹೆಸರುಬೇಳೆ ಪಾಯಸ ಇತ್ತು” ಎಂದರು. ಭಾವ ಆಗ ಅಂಗಳದಲ್ಲಿ ಕದಿನದ ಸಿಡಿಮದ್ದು ಬಿಡುವ ಗೌಜಿಯಲ್ಲಿದ್ದರಂತೆ. ಅಣ್ಣ ದಿಬ್ಬಣದವರಿಗೆ ಬೆಲ್ಲ ನೀರು ಕೊಡುತ್ತಿದ್ದನಂತೆ. ಜಗಳ ಆಗಲಿಲ್ಲವೆಂದು ಮಾತ್ರ ಎಲ್ಲರಿಗೂ ಗೊತ್ತು.

ಹೆಣ್ಣಿನ ಕಡೆಯಿಂದ ಒಕ್ಕಣೆ ಹೇಳಿದ್ದವರು ನನ್ನ ಅಪ್ಪ. ಅವರು ತೀರಿಹೋಗಿ ಕಾಲವಾಯಿತು. ಅಪ್ಪನೆಂದರೆ ನನಗೆ ಒಂದು ನೋವು ಯಾವಾಗಲೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ದಿಬ್ಬಣ ಹೊರಡುವಾಗ ಅಮ್ಮ ಅತ್ತಳು, ಅಣ್ಣ ಅತ್ತ, ಕೆಲಸದ ಸೀತು ಕೂಡ ಅತ್ತಳು. ಅಪ್ಪ ಮಾತ್ರ ಹಟ್ಟಿಯ ಕಡೆ ಹೋದವರು ಬರಲೇ ಇಲ್ಲ. ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಎಮ್ಮೆ ಮಾರಿದರೂ ದಣಪೆಯವರೆಗೆ ಹೋಗಿ ಬರುತ್ತಿದ್ದ ಮನುಷ್ಯ, ಮಗಳನ್ನು ಕಳಿಸಲು ಬರಲಿಲ್ಲ. ಅವರು ಸತ್ತಾಗಲೂ ಆ ನೋವು ನನ್ನೊಳಗಿಂದ ಪೂರ್ತಿ ಹೋಗಿರಲಿಲ್ಲ.

ಗಂಡಿನ ಕಡೆಯಿಂದ ಹೇಳಿದ್ದವರು ಕುಟುಂಬದ ಹಿರಿಯ ಗುರುವಪ್ಪಜ್ಜ. ಪುಣ್ಯಕ್ಕೆ ಅವರಿನ್ನೂ ಇದ್ದರು, ಕೋಡಿಂಬಾಳದಲ್ಲೇ ಮೊಮ್ಮಗನ ಮನೆಯಲ್ಲಿ. ನಾನು ಹೋದಾಗ ಬಿಸಿಲಿಗೆ ಕೂತು ತಲೆಗಿಡುವ ಅಡಿಕೆ ಹಾಳೆಯ ಮುಟ್ಟಾಳೆ ಹೊಲಿಯುತ್ತಿದ್ದರು. ಕಿವಿ ಪೂರ್ತಿ ಮಂದ.

“ಅಜ್ಜ, ನನ್ನ ಮದುವೆಯಲ್ಲಿ ಅರಸು ಯಾರು ಹೇಳಿದ್ದು?”

“ಅರಸಿನವಾ? ಒಳಗೆ ಡಬ್ಬಿಯಲ್ಲಿ ಉಂಟು, ತೆಕ್ಕೋ.”

“ಅರಸಿನ ಅಲ್ಲ ಅಜ್ಜ! ಅರಸು! ಒಕ್ಕಣೆಯ ಅರಸು! ಇಕ್ಕೇರಿಯಾ, ಹಾಲೇರಿಯಾ?”

ಅಜ್ಜ ಸೂಜಿಯನ್ನು ಹಾಳೆಗೆ ಚುಚ್ಚಿಟ್ಟು, ಬೊಚ್ಚು ಬಾಯಿ ತೆರೆದು ನಕ್ಕರು. “ಎರಡೂ ಅಲ್ಲ ಮಗಳೇ. ನಿನ್ನ ಅಪ್ಪ ಬುದ್ಧಿವಂತ. ಊರು ಹೇಳಿದ, ದೇವರು ಹೇಳಿದ, ಗುರು ಹೇಳಿದ. ಅರಸು ಅಂತ ಬರುವಾಗ ಬಾಯಿಯಲ್ಲಿ ವೀಳ್ಯ! ಬರೀ ಗುರುಗುರು. ಒಂದು ಅಕ್ಷರ ಕೇಳಲಿಲ್ಲ. ನನಗೆ ಕೂಡಲೇ ಗೊತ್ತಾಯ್ತು. ಜಗಳ ಬೇಡ ಅಂತ ಮಾಡಿದ್ದು ಅವ. ಅಷ್ಟು ಮರ್ಯಾದೆ ಅವ ಕೊಟ್ಟ ಮೇಲೆ ನಾನು ಕೊಡದೆ ಉಂಟಾ? ನಾನೂ ಒಂದು ವೀಳ್ಯ ಬಾಯಿಗೆ ಹಾಕಿ ಗುರುಗುರು ಅಂದೆ. ಹರಿವಾಣ ಬದಲಾಯ್ತು. ಮುಗೀತು.”

ನಾನು ಅಜ್ಜನ ಎರಡೂ ಕಾಲು ಹಿಡಿದೆ. ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ತಿಳಿಯದು. ಅರಸರು ಇಷ್ಟು ಚೆಂದದ ಸಂಧಿ ಮಾಡಿಕೊಂಡಿರಲಿಕ್ಕಿಲ್ಲ. ಯಾರೂ ಸೋತಿಲ್ಲ, ಯಾರೂ ಬಿಟ್ಟುಕೊಟ್ಟಿಲ್ಲ. ಅಪ್ಪನ ಬಗ್ಗೆ ಆವತ್ತು ನನಗೆ ಮೊದಲ ಸಲ ಹೆಮ್ಮೆ ಎನಿಸಿತು.

ದೇರಣ್ಣ ಭಾವ ತಲೆ ಕೆರೆದುಕೊಂಡು ಯೋಚಿಸಿದರು. “ಅಜ್ಜ ಹಾಗೆ ಮಾಡಿದ್ದಾ? ಅವರು ಮಾಡಿದ ಮೇಲೆ ನನ್ನದೆಂತ. ಆದರೆ ಒಂದು ಮಾತು, ಮೊದಲು ಬಾಯಿ ಮುಚ್ಚುದು ಅವರು.”

ಈ ಷರತ್ತನ್ನು ಹೊತ್ತುಕೊಂಡು ಮತ್ತೆ ಹೊಳೆ ದಾಟಿದೆ. ಅಣ್ಣ ಕೇಳಿ ಹುಬ್ಬು ಗಂಟಿಕ್ಕಿದ. “ಬಾಯಲ್ಲಿ ವೀಳ್ಯ ಇಟ್ಟು ಸಭೆಯಲ್ಲಿ ಮಾತಾಡುದಾ? ನಾನಾ? ಅಲ್ಲ ಲೋಲು, ಅಪ್ಪ ಯಾವಾಗ ಎಲೆ ತಿಂದದ್ದು? ಅವರು ಎಲೆ ಮುಟ್ಟಿದವರೇ ಅಲ್ಲ.”

“ಒಂದು ದಿನ ಮುಟ್ಟಿದ್ದಾರೆ. ನಾನು ಸುಖವಾಗಿರಲಿ ಅಂತ ಮುಟ್ಟಿದ್ದಾರೆ. ನಿನಗೆ ನಿನ್ನ ಮಗಳಿಗೋಸ್ಕರ ಒಂದು ದಿನ ಆಗುದಿಲ್ವಾ?” ನಾನು ಅವನಿಗೆ ಉತ್ತರ ಕೊಡಲು ಬಿಡಲಿಲ್ಲ. ಸಂಧಾನ ಕೈಗೆ ಸಿಕ್ಕಿದ ಸಂತೋಷದಲ್ಲಿ ಆ ಪ್ರಶ್ನೆಯನ್ನು ನಾನೂ ಅಲ್ಲಿಗೇ ಬಿಟ್ಟೆ.

“ನೋಡುವ” ಎಂದ ಅಣ್ಣ.

ಮುಹೂರ್ತದ ದಿನ ಬೆಳಿಗ್ಗೆ ನಮ್ಮ ದಿಬ್ಬಣ ಹೊಳೆ ದಾಟಿತು. ಗುರುವಪ್ಪಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ದೋಣಿಗೆ ಹತ್ತಿಸಿದ್ದೆವು. ಒಪ್ಪಂದಕ್ಕೆ ಸಾಕ್ಷಿ ಬೇಕಲ್ಲ. ತಾಳಿಗೆ ಮೊದಲು ನಿಂತುಹೋದ ವೀಳ್ಯ ಮುಗಿಸಬೇಕು ಎಂದು ಮಾತಾಗಿತ್ತು. ಚಾವಡಿಯಲ್ಲಿ ಈ ಕಡೆ ಅಣ್ಣ, ಆ ಕಡೆ ಭಾವ. ಇಬ್ಬರ ಮುಖವೂ ಯುದ್ಧಕ್ಕೆ ನಿಂತವರ ಮುಖ. ನಾನು ಹರಿವಾಣ ಹಿಡಿದು ಅಣ್ಣನ ಬಲಕ್ಕೆ ನಿಂತೆ. ಅದಕ್ಕೂ ಮೊದಲು ಒಂದು ವೀಳ್ಯವನ್ನು ಸುಣ್ಣ, ಅಡಿಕೆ, ಹೊಗೆಸೊಪ್ಪು ಹಾಕಿ ಮಡಚಿ ಅವನ ಅಂಗೈಯಲ್ಲಿ ಇಟ್ಟಿದ್ದೆ. ಅವನು ಬೇಡ ಎನ್ನಲಿಲ್ಲ, ಮುಷ್ಟಿ ಮುಚ್ಚಿಕೊಂಡಿದ್ದ.

ಅಣ್ಣ ಸುರು ಮಾಡಿದ. ಊರಿನ ಹೆಸರು ಹೇಳಿದ, ದೇವರ ಹೆಸರು, ಗುರುವಿನ ಹೆಸರು. ಒಂದೊಂದು ಅಕ್ಷರವೂ ಗಂಟೆ ಹೊಡೆದ ಹಾಗೆ. ಈ ಹಠಮಾರಿ ಮುಷ್ಟಿ ತೆರೆಯುವ ಲಕ್ಷಣ ಕಾಣುತ್ತಿಲ್ಲ. ಭಾವ ಆಗಲೇ ಶಾಲು ಸರಿಮಾಡಿಕೊಳ್ಳುತ್ತಿದ್ದರು.

“ಅರಸು...” ಎಂದ ಅಣ್ಣ.

ಅಷ್ಟು ಹೊತ್ತಿಗೆ ಅವನ ಕಣ್ಣು ಒಳಕೋಣೆಯ ಬಾಗಿಲಿನ ಕಡೆ ಹೋಯಿತು. ಬಾಗಿಲು ಅರ್ಧ ತೆರೆದಿತ್ತು. ಕಮಲಾವತಿ ಮುಸುಕು ಹಾಕಿಕೊಂಡು ಮಣೆಯ ಮೇಲೆ ಕೂತದ್ದು ಇಲ್ಲಿಂದ ಕಾಣುತ್ತಿತ್ತು, ಕೈಬಳೆಗಳನ್ನು ಸುಮ್ಮನೆ ತಿರುಗಿಸಿಕೊಳ್ಳುತ್ತಿದ್ದಳು. ಅಣ್ಣ ಮತ್ತೆ “ಅರಸು” ಎಂದ. ಆಮೇಲೆ ಶಬ್ದ ಬರಲಿಲ್ಲ. ತುಟಿ ಆಡಿತು, ಗಂಟಲು ಏರಿ ಇಳಿಯಿತು, ಏನೋ ಗುರುಗುರು ಅಂದಿತು. ಎಂಥೆಂಥ ಸಭೆಯಲ್ಲೂ ಮಾತು ತಪ್ಪದ ನನ್ನ ಅಣ್ಣನಿಗೆ ಒಂದು ಹೆಸರು ಹೇಳಲಾಗಲಿಲ್ಲ. “ಇಂಥ ನಾವು ಇಂಥ ನಿಮಗೆ” ಎನ್ನುವುದು ಹೇಗೋ ಹೊರಬಂತು. “ಹೆಣ್ಣು ಕೊಡುತ್ತೇವೆ” ಎನ್ನುವುದು ನನಗೂ ಕೇಳಲಿಲ್ಲ.

ಭಾವನಿಗೆ ಅಷ್ಟು ಸಾಕಾಯಿತು. ಮೇದಪ್ಪ ಮಾತು ಉಳಿಸಿಕೊಂಡ ಎಂದು ಅವರ ಮುಖ ಸಡಿಲವಾಯಿತು. ಲಗುಬಗೆಯಿಂದ ಒಂದು ವೀಳ್ಯವನ್ನು ಬಾಯಿಗೆ ತುರುಕಿಕೊಂಡು, ಅರಸು ಬರುವಲ್ಲಿ ಅವರೂ ಗುರುಗುರು ಅಂದರು. ಹರಿವಾಣ ಈ ಕೈಯಿಂದ ಆ ಕೈಗೆ ಹೋಯಿತು. ಹೆಂಗಸರು ಶೋಭಾನೆ ಎತ್ತಿದರು.

ಗುರುವಪ್ಪಜ್ಜ ಕುರ್ಚಿಯಲ್ಲಿ ಕುಪ್ಪಳಿಸುವುದೊಂದು ಬಾಕಿ. ಕಿವಿ ಕೇಳದವರ ದೊಡ್ಡ ಸ್ವರದಲ್ಲಿ ನನ್ನನ್ನು ಕರೆದರು. “ನೋಡು ಮಗಳೇ! ಹೀಗೆಯೇ! ನಿನ್ನ ಅಪ್ಪನೂ ಹೀಗೆಯೇ ಮಾಡಿದ್ದು. ಗಂಟಲು ಹೀಗೆಯೇ ಮೇಲೆ ಕೆಳಗೆ. ಪಾಪ, ಕಣ್ಣಲ್ಲಿ ನೀರು ಕೂಡ ಬಂದಿತ್ತು ಅವನಿಗೆ. ಹೊಗೆಸೊಪ್ಪು ಜಾಸ್ತಿ ಆಗಿತ್ತು ಅಂತ ಕಾಣ್ತದೆ!”

ನಾನು ಅಣ್ಣನ ಕಡೆ ತಿರುಗಿದೆ. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದೆ. ನಾನು ಮಡಚಿ ಕೊಟ್ಟ ವೀಳ್ಯ ಅಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ, ಹಾಗೆಯೇ.

ಅಪ್ಪ ಎಲೆ ಮುಟ್ಟಿದವರಲ್ಲ. ಅಣ್ಣ ಸರಿಯಾಗಿಯೇ ಹೇಳಿದ್ದ. ನನ್ನ ಮದುವೆಯಲ್ಲಿ ಯಾರೂ ಬುದ್ಧಿವಂತಿಕೆ ಮಾಡಿರಲಿಲ್ಲ, ಯಾರೂ ಸಂಧಿ ಮಾಡಿರಲಿಲ್ಲ. ನನ್ನನ್ನು ಕೊಡುತ್ತೇನೆ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ, ಅಷ್ಟೆ. ಅದನ್ನು ಅಜ್ಜ ವೀಳ್ಯ ಎಂದುಕೊಂಡರು. ಹಟ್ಟಿಯಲ್ಲಿ ಅಪ್ಪ ಆವತ್ತು ಒಬ್ಬರೇ ಏನು ಮಾಡುತ್ತಿದ್ದರೆಂದು ಈಗ, ಇಷ್ಟು ಕಾಲದ ಮೇಲೆ, ನನಗೆ ತಿಳಿಯಿತು.

“ಎಂತ ಮಗಳೇ, ಎಲೆ ಹಾಕಿದನಲ್ವಾ ಅವ?” ಅಜ್ಜ ಮತ್ತೆ ಕೂಗಿ ಕೇಳಿದರು. ಭಾವನೂ ತಿರುಗಿ ನೋಡಿದರು.

“ಹಾಕಿದ ಅಜ್ಜ. ದೊಡ್ಡದೇ ಹಾಕಿದ” ಎಂದೆ.

ಅಣ್ಣನ ಕೈಯಲ್ಲಿದ್ದ ಆ ವೀಳ್ಯವನ್ನು ಯಾರಿಗೂ ಕಾಣದ ಹಾಗೆ ತೆಗೆದು ನಾನೇ ಬಾಯಿಗೆ ಹಾಕಿಕೊಂಡೆ. ಅತ್ತಿಗೆ ಪೂವಮ್ಮ ಹತ್ತಿರ ಬಂದು, “ಎಂತ ಲೋಲಾಕ್ಷಿ, ಕಣ್ಣಲ್ಲಿ ನೀರು?” ಎಂದು ಕೇಳಿದಳು. ಹೊಗೆಸೊಪ್ಪು ಜಾಸ್ತಿಯಾಯಿತು ಎಂದೆ.